ಗಿಲಾವಿನ ಹಿಂದಿನ ಗೋಡೆ

ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರ್‌ನಲ್ಲಿ ಭೂಮಿ ಮತ್ತೆ ಮತ್ತೆ ನಡುಗಿದ ಮೇಲೆ ಮನೆ ಗಟ್ಟಿ ಇದೆಯೇ ಎಂದು ನೋಡಲು ಹೋದ ನನ್ನನ್ನು ಆ ಕಡೆಯವರು ಮೊದಲು ಕೇಳುವುದೇ ಇದು: "ಗ್ವಾಡಿ ಬಿರುಕು ಬಿಟ್ಟದ್ರಿ, ಮನಿ ಬೀಳ್ತದೇನ್ರಿ ಸರ್?" ಬಿರುಕನ್ನು ನೋಡುತ್ತೇನೆ, ಆದರೆ ಆಮೇಲೆ. ಕಲ್ಲಿನ ಮನೆಯಾದರೆ ನನ್ನ ಕಣ್ಣು ಮೊದಲು ಹುಡುಕುವುದು ಆರ್‌ಪಾರ್ ಕಲ್ಲನ್ನು, ಅಂದರೆ ಗೋಡೆಯ ಒಳಮೈಯಿಂದ ಹೊರಮೈವರೆಗೆ ಹಾಯುವ ಉದ್ದ ಕಲ್ಲನ್ನು.

ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿ ಇದನ್ನು ಕಲಿಸಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಆದದ್ದು 6.2 ತೀವ್ರತೆಯ ಕಂಪನ, ಸತ್ತವರು 8,000ದಷ್ಟು. ಆಗಿನ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಗೋಡೆಗಳೇನೋ ಭಾರಿ ದಪ್ಪ. ಆದರೆ ಒಳಗೊಂದು, ಹೊರಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಸಾಲನ್ನೂ ಹಿಡಿದಿಡುವ ಉದ್ದ ಕಲ್ಲೇ ಇಲ್ಲ. ಅಲುಗಾಟಕ್ಕೆ ನಡುವಿನ ಚೂರು ಕೆಳಗಿಳಿದು ಬೆಣೆಯಂತೆ ಎರಡನ್ನೂ ಸೀಳುತ್ತದೆ.

ಹೊರಮೈ ಉಬ್ಬಿದ್ದರೆ ಆ ಸೀಳು ಆಗಲೇ ಶುರುವಾಗಿದೆ ಎಂದೇ ಅನುಮಾನಿಸಬೇಕು. ತೂಗುಗುಂಡು ಇಳಿಬಿಟ್ಟರೆ ಉಬ್ಬು ಕಾಣುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಗಿಲಾವು ಇದ್ದ ಕಡೆ ಸ್ವಲ್ಪ ಕೆತ್ತಿಸಿ, ಸಂದಿಯ ಗಾರೆಯನ್ನು ಮೊಳೆಯಿಂದ ಗೀರುತ್ತೇನೆ. ಪುಡಿ ಉದುರಿದರೆ ಅದು ಬರೀ ಮಣ್ಣು. ಮೂಲೆಯಲ್ಲಿ ಎರಡು ಗೋಡೆಯ ಕಲ್ಲು ಒಂದರೊಳಗೊಂದು ಹೆಣೆದಿವೆಯೇ, ಇಲ್ಲ ನೇರ ಸಂದಿ ಬಿದ್ದಿದೆಯೇ ಎಂದೂ ನೋಡಬೇಕು. ಇಂಥ ಮನೆಗಳ ಭೂಕಂಪ ಸುರಕ್ಷತೆಯ ಭಾರತೀಯ ಮಾನಕ 13828ರ ಪ್ರಕಾರ ಆರ್‌ಪಾರ್ ಕಲ್ಲು ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಅಡ್ಡಕ್ಕೆ ನಾಲ್ಕು ಅಡಿಯೊಳಗೆ ಇರಬೇಕು. ಹಳೆ ಮನೆಗಳಲ್ಲಿ ಇದು ಸಿಗುವುದು ಅಪರೂಪ.

ಆಮೇಲೆ ಮಾಳಿಗೆ, ಅಂದರೆ ಮಣ್ಣಿನ ಚಾವಣಿ. ಮಳೆ ಸೋರಿದಾಗಲೆಲ್ಲ ಮೇಲೊಂದು ಪದರ ಮಣ್ಣು ಹಾಕುವುದು ರೂಢಿ. ಒಂದು ಅಡಿ ದಪ್ಪ ಮಣ್ಣೆಂದರೂ 10x12 ಅಡಿ ಕೋಣೆಯ ಮೇಲೆ ಐದು ಟನ್ ದಾಟುತ್ತದೆ. ಜಂತಿಯ ತುದಿ ಗೆದ್ದಲು ತಿಂದಿದ್ದರೆ ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ ಎಂದು ಅಂದೇ ಹೇಳಿಬಿಡುತ್ತೇನೆ.

ಇಷ್ಟು ಕೇಳಿದವರೂ ಮೊದಲು ಮಾಡಹೊರಡುವುದು ಸಿಮೆಂಟ್ ಗಿಲಾವು. ದಯವಿಟ್ಟು ಬೇಡ. ಬರೀ ಗಿಲಾವು ರೋಗವನ್ನು ಮುಚ್ಚುತ್ತದೆ, ಗೋಡೆಯನ್ನು ಕಟ್ಟುವುದಿಲ್ಲ. ಮೊದಲು ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಿ. ಬಳಿಕ ಗೋಡೆಯಲ್ಲಿ ಆರ್‌ಪಾರ್ ಹಾಯುವ ಮೂರು ಇಂಚಿನ ರಂಧ್ರವನ್ನು ಸಲಾಕೆಯಿಂದ ಕಲ್ಲು ಸಡಿಲಿಸುತ್ತ ಮಾಡಿಸಿ. ಬಡಿದು ಕೊರೆದರೆ ಸುತ್ತಲಿನ ಗೋಡೆ ಅಲುಗುತ್ತದೆ. ಅದರಲ್ಲಿ ಎರಡು ತುದಿಗೂ ಕೊಕ್ಕೆಯಿರುವ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿದರೆ ಅದೇ ಆರ್‌ಪಾರ್ ಕಲ್ಲಿನ ಕೆಲಸ ಮಾಡುತ್ತದೆ. ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಮನೆ ಸುತ್ತ ತಂತಿ ಜಾಲರಿಯ ಪಟ್ಟಿ ಬಿಗಿದು ಗಾರೆ ಹಾಕಿಸಿ. ಉಳಿದ ಗೋಡೆಗೆ ಗಿಲಾವು, ಬಣ್ಣ ಎಲ್ಲ ಅದಾದ ಮೇಲೆ.