ಮೀನಿನ ತೊಟ್ಟಿಗೆ ಎಂಥ ಸಿಲಿಕೋನ್ ಬೇಕು?

ಮನೆಯಲ್ಲೇ ಅಕ್ವೇರಿಯಂ ಕಟ್ಟಲು ಹೊರಟವರು ಗಾಜಿನ ದಪ್ಪ ಎಷ್ಟಿರಬೇಕೆಂದು ಹತ್ತಾರು ಸಲ ಲೆಕ್ಕ ಹಾಕುತ್ತಾರೆ. ಅಂಟಿನ ಸರದಿ ಬಂದಾಗ ಮಾತ್ರ ಕೈಗೆ ಸಿಕ್ಕ ಟ್ಯೂಬೇ ಸಾಕು ಅನ್ನಿಸಿಬಿಡುತ್ತದೆ. ತೊಟ್ಟಿಯ ಗಾಜುಗಳನ್ನು ಒಟ್ಟಿಗೆ ಹಿಡಿದಿಡುವುದು ಆ ಅಂಟೇ, ಅಂದರೆ ಸಿಲಿಕೋನ್. 60 ಸೆಂ.ಮೀ. ಉದ್ದ, 45 ಸೆಂ.ಮೀ. ಎತ್ತರದ ಮುಂಭಾಗದ ಗಾಜನ್ನೇ ನೋಡಿ. ತೊಟ್ಟಿ ತುಂಬಿದಾಗ ನೀರು ಅದನ್ನು ಸುಮಾರು 60 ಕಿಲೋ ಭಾರದಷ್ಟು ಬಲದಿಂದ ಹಗಲೂ ರಾತ್ರಿ ಹೊರಕ್ಕೆ ದೂಡುತ್ತಲೇ ಇರುತ್ತದೆ. ಎತ್ತರ ಎರಡರಷ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ.

ಇಷ್ಟು ಬಲವನ್ನು ಸಿಲಿಕೋನ್ ತಡೆಯುವುದು ಅದಕ್ಕೂ ಗಾಜಿಗೂ ಇರುವ ನಂಟಿನಿಂದ. ಎರಡರ ಒಡಲಲ್ಲೂ ಸಿಲಿಕಾನ್ ಎಂಬ ಮೂಲಧಾತುವಿನ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದು ಕೊಂಡಿಯಾಗಿ ಬೆಸೆದುಕೊಂಡಿವೆ. ಹಾಗಾಗಿ ಗಾಜಿನ ಮೈಗೆ ಸಿಲಿಕೋನ್ ರಾಸಾಯನಿಕವಾಗಿಯೇ ಕಚ್ಚಿಕೊಳ್ಳುತ್ತದೆ. ಅಕ್ರಿಲಿಕ್ ಹಾಳೆಯ ತೊಟ್ಟಿಗೆ ಈ ನಂಟಿಲ್ಲ, ಅದಕ್ಕೆ ಬೇರೆಯೇ ಅಂಟು ಬೇಕು.

ಟ್ಯೂಬಿನಿಂದ ಹೊರಬಂದ ಪೇಸ್ಟ್ ಗಾಳಿಯ ತೇವಾಂಶ ಹೀರಿಕೊಂಡು ರಬ್ಬರಾಗುತ್ತದೆ. ಅಸಿಟಾಕ್ಸಿ ಬಗೆಯ ಸಿಲಿಕೋನ್ ಈ ಹೊತ್ತಿನಲ್ಲಿ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ಮೂಗಿಗೆ ಬಡಿಯುವ ವಿನೆಗರ್ ವಾಸನೆ ಅದರದ್ದೇ. ಈ ಘಾಟಿಗೆ ಹೆದರಿ, ಮೀನಿಗೆ ಇದು ವಿಷವೆಂದು ಟ್ಯೂಬನ್ನೇ ದೂರ ಇಡುವವರು ಬಹಳ. ನಿಜವಾಗಿ ಆ ಆಮ್ಲ ಆರಿ ಹೋಗುತ್ತದೆ, ಉಳಿಯುವುದು ನೀರಿನ ಜೊತೆ ಸುಲಭವಾಗಿ ವರ್ತಿಸದ ರಬ್ಬರು. ಗಾಜಿನ ತೊಟ್ಟಿಗಳಿಗೆ ಸಾಮಾನ್ಯವಾಗಿ ಬಳಸುವುದೂ ಈ ಬಗೆಯನ್ನೇ. ಇನ್ನು ‘ನ್ಯೂಟ್ರಲ್’ ಬಗೆಯವು ಆಮ್ಲದ ಬದಲು ಆಲ್ಕೋಹಾಲನ್ನೋ ಆಕ್ಸೈಮ್ ಎಂಬ ಸಂಯುಕ್ತವನ್ನೋ ಬಿಡುತ್ತವೆ. ಘಾಟು ಕಡಿಮೆ, ಆದರೆ ಅಷ್ಟರಿಂದಲೇ ಅವು ಹೆಚ್ಚು ಸುರಕ್ಷಿತ ಅನ್ನುವಂತಿಲ್ಲ.

ಹೆದರಬೇಕಾದದ್ದು ವಾಸನೆಯೇ ಇಲ್ಲದ ಒಂದು ವಸ್ತುವಿಗೆ. ಬಚ್ಚಲುಮನೆ, ಸಿಂಕುಗಳಿಗೆಂದು ಮಾಡಿದ ಸಿಲಿಕೋನ್‌ನಲ್ಲಿ ಬೂಷ್ಟು ಹಿಡಿಯದಿರಲೆಂದು ಶಿಲೀಂಧ್ರನಾಶಕ ಬೆರೆಸಿರುತ್ತಾರೆ. ಅದು ಅಂಟಿನೊಳಗೇ ಭದ್ರವಾಗಿ ಕೂತರೆ ಪ್ರಯೋಜನವಿಲ್ಲ. ಸ್ವಲ್ಪಸ್ವಲ್ಪವೇ ಜಿನುಗಿ ಮೇಲ್ಮೈಗೆ ಬಂದರೆ ಮಾತ್ರ ಬೂಷ್ಟು ಸಾಯುತ್ತದೆ. ಬಚ್ಚಲಲ್ಲಿ ಹಾಗೆ ಜಿನುಗಿದ್ದು ನೀರಿನೊಂದಿಗೆ ಕೊಚ್ಚಿಹೋಗುತ್ತದೆ. ತೊಟ್ಟಿಯಲ್ಲಿ ಅದು ಅದೇ ನೀರಿನಲ್ಲಿ ಉಳಿಯುತ್ತದೆ, ಮೀನು ಆ ನೀರನ್ನೇ ಕ್ಷಣಕ್ಷಣವೂ ಕಿವಿರುಗಳ ಮೂಲಕ ಹಾಯಿಸಿ ಉಸಿರಾಡುತ್ತಿರುತ್ತದೆ. ಇಂಥ ಕೆಲಸಕ್ಕೆ ಬಳಸುವ ರಾಸಾಯನಿಕಗಳಲ್ಲೊಂದಾದ ಜಿಂಕ್ ಪೈರಿಥಿಯೋನ್, ಜಲಚರಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ಮಾರಕ.

ಆದ್ದರಿಂದ ಟ್ಯೂಬಿನ ಮೇಲಿನ ‘100% ಸಿಲಿಕೋನ್’ ಎಂಬ ದಪ್ಪಕ್ಷರ ನೋಡಿ ನೆಮ್ಮದಿಯಾಗಬೇಡಿ. ಅದು ಮೂಲ ವಸ್ತು ಯಾವುದೆಂದು ಹೇಳುತ್ತದೆಯೇ ಹೊರತು ಬೆರಕೆ ಏನೇನಿದೆ ಎಂದು ಹೇಳುವುದಿಲ್ಲ. ಹಿಂಬದಿಯ ಸಣ್ಣಕ್ಷರ ಓದಬೇಕು. ಬೂಷ್ಟು ನಿರೋಧಕ, ಸ್ಯಾನಿಟರಿ, ಕಿಚನ್ ಮತ್ತು ಬಾತ್ ಎಂದಿದ್ದರೆ ಬೇಡ. ‘ನೀರಿನೊಳಗೆ ಬಳಸಬಾರದು’ ಎಂದಿದ್ದರಂತೂ ಮುಟ್ಟಲೇಬೇಡಿ. ಒಂದೇ ಕಂಪನಿ ಒಂದೇ ಬಣ್ಣದ ಟ್ಯೂಬಿನಲ್ಲಿ ಶಿಲೀಂಧ್ರನಾಶಕ ಇರುವ, ಇಲ್ಲದ ಎರಡೂ ಬಗೆ ಮಾರುವುದುಂಟು, ಬ್ರ್ಯಾಂಡಿನ ಮೇಲಿನ ನಂಬಿಕೆ ಇಲ್ಲಿ ಸಾಲದು. ಅಕ್ವೇರಿಯಂಗೆ ತಕ್ಕುದೆಂದು ತಯಾರಕರೇ ಬರೆದುಕೊಟ್ಟದ್ದನ್ನು ಮಾತ್ರ ಕೊಳ್ಳಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮಿಗುವ ಹಣ ಚಿಕ್ಕದು, ಹೋಗುವುದು ಜೀವ.

ಟ್ಯೂಬಿನ ಮೇಲಿನ ಅವಧಿಯನ್ನೂ ನೋಡಿ. ಹಳತಾದ ಸಿಲಿಕೋನ್ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯಬಹುದು. ಅನುಮಾನವಿದ್ದರೆ ಬೇಡದ ಗಾಜಿನ ತುಂಡೊಂದರ ಮೇಲೆ ತೆಳ್ಳಗೆ ಗೆರೆ ಎಳೆದು ಒಂದೆರಡು ದಿನ ಬಿಡಿ. ಬ್ಲೇಡಿನಿಂದ ಒಂದು ತುದಿ ಎಬ್ಬಿಸಿ ಎಳೆದಾಗ ಅದು ರಬ್ಬರಿನಂತೆ ಹಿಗ್ಗಬೇಕು, ಹರಿದರೂ ಗಾಜಿನ ಮೇಲೆ ತನ್ನ ತುಣುಕು ಉಳಿಸಿಯೇ ಹರಿಯಬೇಕು. ಸಿಪ್ಪೆಯಂತೆ ಸಲೀಸಾಗಿ ಕಿತ್ತುಬಂದರೆ ಗಾಜಿನಲ್ಲಿ ಜಿಡ್ಡಿತ್ತು, ಇಲ್ಲವೇ ಅಂಟು ಕೆಟ್ಟಿದೆ.

ಅಂಟಿಸಿದ ಮೇಲೆ ಅವಸರ ಕೂಡದು. ಮೇಲ್ಪದರ ಹತ್ತಿಪ್ಪತ್ತು ನಿಮಿಷದಲ್ಲೇ ಬಿಗಿಯುತ್ತದೆ, ಆದರೆ ತೇವ ಒಳಗಿಳಿಯುವುದು ನಿಧಾನ. ದಿನಕ್ಕೆ ಸುಮಾರು 2ರಿಂದ 3 ಮಿ.ಮೀ. ಆಳದವರೆಗೆ ಮಾತ್ರ ಗಟ್ಟಿಯಾಗುತ್ತದೆ, ಒಣಹವೆಯಲ್ಲಿ ಇನ್ನೂ ತಡ. ಒಂದು ವಾರ ಬಿಟ್ಟು, ವಿನೆಗರ್ ವಾಸನೆ ಪೂರ್ತಿ ಹೋದ ಮೇಲೆ ನೀರು ತುಂಬಿ ಎರಡು ದಿನ ನೋಡಿ. ಆ ನೀರನ್ನು ಚೆಲ್ಲಿ ಹೊಸದು ತುಂಬಿಸಿ.

ಮೂಲೆಯೊಂದು ಸೋರಿದರೆ ಅದರ ಮೇಲೆಯೇ ಇನ್ನೊಂದು ಪದರ ಸವರುವ ಆಸೆಯಾಗುತ್ತದೆ. ಗಟ್ಟಿಯಾದ ಸಿಲಿಕೋನ್ ಹೊಸ ಸಿಲಿಕೋನನ್ನು ಸರಿಯಾಗಿ ಹಿಡಿಯುವುದಿಲ್ಲ. ಹಳೆಯದನ್ನು ಬ್ಲೇಡಿನಿಂದ ಬರಿಗಾಜಿನವರೆಗೆ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಆಮೇಲೆಯೇ ಹೊಸ ಗೆರೆ ಎಳೆಯಬೇಕು.