ರಜೆ ಚೀಟಿಗೆ ಸಹಿ ಹಾಕುತ್ತಿದ್ದವರು ಯಾರು?

ನನ್ನ ಕಕ್ಷಿದಾರರೊಬ್ಬರ ಐಡಿ ಕಾರ್ಡಿನಲ್ಲಿ ‘ಅಸಿಸ್ಟೆಂಟ್ ಮ್ಯಾನೇಜರ್’ ಎಂದಿತ್ತು. ಕೆಲಸದಿಂದ ತೆಗೆದ ಮೇಲೆ ಕಂಪನಿಯದ್ದು ಒಂದೇ ವಾದ: ಇವರು ಮ್ಯಾನೇಜರ್, ಕಾನೂನಿನ ಲೆಕ್ಕದಲ್ಲಿ ‘ಕಾರ್ಮಿಕ’ ಅಲ್ಲ, ಹಾಗಾಗಿ ಲೇಬರ್ ಕೋರ್ಟಿಗೆ ಬರುವಂತಿಲ್ಲ. ಪಾಟೀಸವಾಲಿನಲ್ಲಿ ಕಂಪನಿಯ ಸಾಕ್ಷಿಗೆ ಕೇಳಿದೆ: ಇವರ ಕೈಕೆಳಗೆ ಎಷ್ಟು ಜನ ಇದ್ದರು? ಯಾರಿಗಾದರೂ ರಜೆ ಮಂಜೂರು ಮಾಡಿದ್ದಾರಾ? ಮೆಮೊ ಕೊಟ್ಟಿದ್ದಾರಾ? ರಜೆ ಅರ್ಜಿಗಳ ಫೈಲು ತರಿಸಿದೆವು. ಒಂದರಲ್ಲೂ ಇವರ ಸಹಿ ಇರಲಿಲ್ಲ. ಲಾರಿ ಬಂದಾಗ ಮೂಟೆ ಎಣಿಸುವುದು, ಲೆಡ್ಜರಿನಲ್ಲಿ ಬರೆಯುವುದು, ಇಷ್ಟೇ ಇವರ ದಿನದ ಕೆಲಸ.

ಕೋರ್ಟಿಗೆ ಬೇಕಾದದ್ದೂ ಇದೇ. ಹುದ್ದೆಗೆ ಏನು ಹೆಸರಿಟ್ಟರೂ, ಮುಖ್ಯವಾಗಿ ಮಾಡುತ್ತಿದ್ದ ಕೆಲಸ ಯಾವುದು ಅಂತ ನೋಡುತ್ತದೆ. ಸಂಬಳ ಜಾಸ್ತಿ ಇದ್ದರೆ ಕಾರ್ಮಿಕ ಅಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಸಂಬಳದ ಮಿತಿ ಇರುವುದು ಮೇಲ್ವಿಚಾರಕರಿಗೆ ಮಾತ್ರ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಅದು ಕೊನೆಗೆ ತಿಂಗಳಿಗೆ 10,000 ರೂಪಾಯಿ ಇತ್ತು. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 18,000. ಗುಮಾಸ್ತರಿಗೆ, ಮೆಕ್ಯಾನಿಕ್‌ಗೆ ಆ ಮಿತಿಯೇ ಇಲ್ಲ.

ಹಾಗಂತ ಮ್ಯಾನೇಜರ್ ಅಲ್ಲದವರೆಲ್ಲ ಕಾರ್ಮಿಕರಾಗುವುದಿಲ್ಲ. ಕಾಯ್ದೆ ಹೇಳಿದ ಕೆಲಸಗಳಲ್ಲಿ ನಿಮ್ಮದೂ ಒಂದಾಗಿರಬೇಕು. ಗೋವಾದ ಶಾಲಾ ಶಿಕ್ಷಕಿಯೊಬ್ಬರ ಕೇಸಿನಲ್ಲಿ, ಪಾಠ ಹೇಳುವುದು ಆ ಪಟ್ಟಿಯಲ್ಲಿಲ್ಲ ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಶಾಲೆ ‘ಕೈಗಾರಿಕೆ’ ಹೌದು, ಆದರೆ ಶಿಕ್ಷಕಿ ಕಾರ್ಮಿಕರಲ್ಲ! ಈ ತೀರ್ಪು ನನಗೆ ಈಗಲೂ ಒಪ್ಪಿಗೆಯಾಗಿಲ್ಲ.

ಇನ್ನು 240 ದಿನದ ಮಾತು. ಹಿಂದಿನ ಹನ್ನೆರಡು ತಿಂಗಳಲ್ಲಿ ಅಷ್ಟು ದಿನ ದುಡಿದವರನ್ನು ನೋಟಿಸ್ ಮತ್ತು ಪರಿಹಾರ ಕೊಡದೆ ಸುಮ್ನೆ ಮನೆಗೆ ಕಳಿಸುವಂತಿಲ್ಲ. ಸಂಬಳ ಸಿಗುವ ಭಾನುವಾರಗಳೂ ಲೆಕ್ಕಕ್ಕೆ ಸೇರುತ್ತವೆ. ಆದರೆ ಸಾಬೀತು ಮಾಡಬೇಕಾದವರು ಯಾರು? ನಮ್ಮ ರಾಜ್ಯದ್ದೇ ಆದ, ಹಡಿಮನಿ ಎಂಬ ಕಾರ್ಮಿಕನ ಪ್ರಕರಣದಲ್ಲಿ, 2002ರಲ್ಲಿ, ಸುಪ್ರೀಂ ಕೋರ್ಟ್ ಆ ಭಾರವನ್ನು ಕಾರ್ಮಿಕನ ಮೇಲೆ ಹಾಕಿತು. ಬರೀ ಅಫಿಡವಿಟ್ ಸಾಲದು ಎಂದಿತು. ದಿನಗೂಲಿಯವರಿಗೆ ನೇಮಕ ಪತ್ರವೂ ಇಲ್ಲ, ಪೇ ಸ್ಲಿಪ್ಪೂ ಇಲ್ಲ. ಎಲ್ಲಿಂದ ತರಬೇಕು, ಅಲ್ವಾ? 2005ರ ಕೊನೆಯಲ್ಲಿ ಬಂದ ಯಲ್ಲಟ್ಟಿ ತೀರ್ಪಿನಲ್ಲಿ ಸ್ವಲ್ಪ ಉಸಿರು ಸಿಕ್ಕಿತು. ಅದೂ ಕರ್ನಾಟಕದ್ದೇ. ಕಾರ್ಮಿಕ ಯಲ್ಲಟ್ಟಿಯವರ ಕೈಯಲ್ಲಿ, ಅವರು ದುಡಿದ ಸರ್ಕಾರಿ ಇಲಾಖೆಯೇ ಕೊಟ್ಟ ಸೇವಾ ಪತ್ರವಿತ್ತು. ಇಲಾಖೆ ಪೂರ್ತಿ ಮಸ್ಟರ್ ರೋಲ್, ಅಂದರೆ ಹಾಜರಿ ಪಟ್ಟಿ, ಹಾಜರುಪಡಿಸಲಿಲ್ಲ. ಕಾರ್ಮಿಕರೇ ಗೆದ್ದರು.

ಆದ್ದರಿಂದ ನನ್ನಲ್ಲಿಗೆ ಬರುವವರಿಗೆಲ್ಲ ಹೇಳುತ್ತೇನೆ: ಇಎಸ್‌ಐ ಕಾರ್ಡು, ಪಿಎಫ್ ನಂಬರ್, ಗೇಟ್ ಪಾಸ್, ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜು, ಯಾವುದನ್ನೂ ಬಿಸಾಡಬೇಡಿ. ಕಸ ಗುಡಿಸುತ್ತಿದ್ದ ಒಬ್ಬ ಅಕ್ಕ ಮನೆಯ ಗೋಡೆ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಿದ್ದರು. ಕೆಲಸಕ್ಕೆ ಹೋದ ದಿನಗಳಿಗೆಲ್ಲ ಪೆನ್ಸಿಲ್ ಗೀಟು. ಅದೊಂದೇ ಪುರಾವೆಯಾಗುವುದಿಲ್ಲ, ನಿಜ. ಆದರೆ ಯಾವ್ಯಾವ ತಿಂಗಳ ಹಾಜರಿ ಪುಸ್ತಕ ಬೇಕೆಂದು ನಿಖರವಾಗಿ ಬರೆದು ಅರ್ಜಿ ಹಾಕಲು ಆ ಗೀಟುಗಳೇ ಸಾಕಾದವು. ಮಾಲೀಕರ ಕಡೆಯಿಂದ ಐದು ತಿಂಗಳ ಪುಸ್ತಕ ಮಾತ್ರ ಬಂತು. ಉಳಿದ ಏಳು ತಿಂಗಳದ್ದು ಎಲ್ಲಿ ಎಂದು ನ್ಯಾಯಾಧೀಶರೇ ಕೇಳಿದರು.