ಬಿಸಿಲಡುಗೆಗೆ ಕನ್ನಡಿಗಿಂತ ಮೊದಲು ಗಾಜಿನ ಬೋಗುಣಿ

ಮಳೆಗಾಲ ಮುಗಿದು ಆಕಾಶ ತಿಳಿಯಾಯಿತು ಅಂದರೆ ನನ್ನ ಫೋನಿಗೆ ಒಂದು ಪ್ರಶ್ನೆ ಬರಲು ಶುರುವಾಗುತ್ತದೆ. "ಬೀಚಿಗೆ, ಟ್ರೆಕ್ಕಿಂಗಿಗೆ ಒಯ್ಯುವಂಥ ಸೋಲಾರ್ ಕುಕ್ಕರ್ ಮಾಡ್ಕೊಳ್ಬೇಕು. ಎಂಥಾ ಕನ್ನಡಿ ತರಲಿ?" ಕಾರವಾರದಿಂದ ಕುಮಟಾದವರೆಗೆ ಮನೆಗಳ ಮೇಲೆ ಬಿಸಿನೀರಿನ ಸೋಲಾರ್ ಕೂರಿಸುವುದು, ಕೆಟ್ಟರೆ ಸರಿ ಮಾಡುವುದು ನನ್ನ ಕೆಲಸ. ಅದರ ಜೊತೆಗೆ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗುವ ಬಿಸಿಲೊಲೆಗಳನ್ನೂ ಮಾಡುತ್ತೇನೆ. ಕನ್ನಡಿಯ ಬಗ್ಗೆ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: "ಪಾತ್ರೆಗೆ ಏನು ಹೊದಿಸ್ತೀರಿ?" ಹೆಚ್ಚಿನವರು "ತಟ್ಟೆ ಮುಚ್ಚಿದ್ರೆ ಸಾಕಲ್ವಾ?" ಅನ್ನುತ್ತಾರೆ. ಸಾಲದು. ನಮ್ಮ ಕರಾವಳಿಯಲ್ಲಿ ಬಿಸಿಲಡುಗೆ ಅರ್ಧಕ್ಕೆ ನಿಲ್ಲುವುದು ಬಹುಪಾಲು ಇಲ್ಲೇ.

ಲೆಕ್ಕ ಸುಲಭವಿದೆ. ಮೋಡವಿಲ್ಲದ ಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ರಟ್ಟಿಗೆ ಫಾಯಿಲ್ ಅಂಟಿಸಿ ಲಾಳಿಕೆಯ ಹಾಗೆ ಸುತ್ತಿದ ಒಲೆಯ ಬಾಯಿ ಅರ್ಧ ಚದರ ಮೀಟರ್ ಇದೆ ಅಂದುಕೊಳ್ಳಿ. ಅಲ್ಲಿಗೆ 500 ವ್ಯಾಟ್. ಫಾಯಿಲ್ ಸ್ವಲ್ಪ ನುಂಗುತ್ತದೆ, ಒಂದಿಷ್ಟು ಬೆಳಕು ಪಾತ್ರೆಗೆ ತಾಗದೆ ಆಚೀಚೆ ಹೋಗುತ್ತದೆ. ಪಾತ್ರೆಗೆ 200 ವ್ಯಾಟ್ ಮುಟ್ಟಿದರೂ ಖುಷಿಪಡಬೇಕು. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 293 ಕಿಲೋಜೂಲ್ ಶಾಖ ಬೇಕು. 200 ವ್ಯಾಟಿನಲ್ಲಿ ಅದು 25 ನಿಮಿಷದ ಕೆಲಸ. ಆದರೆ ಹೊರಗೆ ಮಾಡಿ ನೋಡಿ, ಒಂದು ಗಂಟೆ ಹಿಡಿಯುತ್ತದೆ, ಕೆಲವು ಸಲ ಅದಕ್ಕೂ ಜಾಸ್ತಿ. ಉಳಿದ ಶಾಖ ಎಲ್ಲಿಗೆ ಹೋಯಿತು? ಪಾತ್ರೆ ಬಿಸಿಯಾದಷ್ಟೂ ಅದರ ಮೈಯಿಂದ ಗಾಳಿಗೆ ಸೋರಿಹೋಗುತ್ತಿರುತ್ತದೆ. ಒಳಗೆ ಬರುವುದೂ ಹೊರಗೆ ಸೋರುವುದೂ ಸರಿಸಮ ಆದ ಕ್ಷಣದಿಂದ ಬಿಸಿ ಮುಂದೆ ಏರುವುದಿಲ್ಲ. ಎಷ್ಟು ಹೊತ್ತು ಕಾದರೂ ಅಷ್ಟೇ.

ಮಾಜಾಳಿ ತೀರದಲ್ಲಿ ಒಮ್ಮೆ ಹೈಸ್ಕೂಲು ಮಕ್ಕಳಿಗೆ ಇದನ್ನು ತೋರಿಸಿದೆ. ಒಂದೇ ಅಳತೆಯ ಎರಡು ಕಪ್ಪು ತಪ್ಪಲೆ, ಎರಡರಲ್ಲೂ ಅರ್ಧ ಲೀಟರ್ ನೀರು, ಎರಡಕ್ಕೂ ತಟ್ಟೆ ಮುಚ್ಚಿ ಒಂದೇ ಥರದ ಲಾಳಿಕೆಯಲ್ಲಿ ಇಟ್ಟೆವು. ಒಂದರ ಮೇಲೆ ಮಾತ್ರ ದೊಡ್ಡ ಗಾಜಿನ ಬೋಗುಣಿ ಬೋರಲು ಹಾಕಿದೆ. ಒಂದು ಗಂಟೆ ಆದ ಮೇಲೆ ಬೋಗುಣಿಯೊಳಗಿನ ತಪ್ಪಲೆಯ ತಟ್ಟೆ ಟಕಟಕ ಅನ್ನತೊಡಗಿತು. ಗಾಜಿನ ಒಳಮೈಗೆ ಹನಿ ಕೂತು ಇಳಿಯುತ್ತಿತ್ತು. ಇನ್ನೊಂದರ ನೀರು ಬಚ್ಚಲಮನೆಯ ಬಿಸಿನೀರಿನಷ್ಟೂ ಇರಲಿಲ್ಲ, ಬೆರಳು ಅದ್ದಿ ಹಿಡಿಯಬಹುದಿತ್ತು. ಕನ್ನಡಿ ಅದೇ, ಬಿಸಿಲೂ ಅದೇ.

ಗಾಜು ಮಾಡುವ ಕೆಲಸ ಎರಡು. ಬೆಳಕನ್ನು ಒಳಗೆ ಬಿಡುತ್ತದೆ. ಆ ಬೆಳಕು ಕಪ್ಪು ಪಾತ್ರೆಗೆ ತಾಗಿ ಶಾಖ ಆಗುತ್ತದೆ. ಬಿಸಿ ಪಾತ್ರೆ ಸೂಸುವ ಶಾಖದ ಕಿರಣಗಳನ್ನು ಗಾಜು ನೇರವಾಗಿ ಹೊರಗೆ ಬಿಡುವುದಿಲ್ಲ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ ಕಾವು ನೆನಪಿದೆಯಲ್ಲ, ಅದೇ. ಎರಡನೆಯದು, ಗಾಳಿಯನ್ನು ಪಾತ್ರೆಗೆ ತಾಗಲು ಬಿಡುವುದಿಲ್ಲ. ಸಮುದ್ರದ ದಂಡೆಯಲ್ಲಿ ಈ ಎರಡನೆಯದೇ ದೊಡ್ಡದು.

ಇದು ಹೊಸ ವಿದ್ಯೆ ಏನಲ್ಲ. 1767ರಲ್ಲೇ ಸ್ವಿಟ್ಜರ್ಲೆಂಡಿನ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಅನ್ನುವ ವಿಜ್ಞಾನಿ ಕನ್ನಡಿ ಇಲ್ಲದೆ, ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲು ಹಿಡಿದು, ನೀರು ಕುದಿಯುವುದಕ್ಕಿಂತ ಹೆಚ್ಚಿನ ಬಿಸಿ ತಂದಿದ್ದ. ನನಗೆ ಹೆಚ್ಚು ಆಪ್ತ ಅನಿಸುವುದು ವಿಲಿಯಂ ಆಡಮ್ಸ್ ಕೆಲಸ. 1870ರ ದಶಕದಲ್ಲಿ ಮುಂಬೈಯಲ್ಲಿದ್ದ ಈ ಇಂಗ್ಲಿಷ್ ಅಧಿಕಾರಿ ಎಂಟು ಕನ್ನಡಿಗಳನ್ನು ಲಾಳಿಕೆಯಂತೆ ಜೋಡಿಸಿ, ನಡುವೆ ತಾಮ್ರದ ಪಾತ್ರೆ ಇಟ್ಟು, ಏಳು ಸೈನಿಕರಿಗೆ ಆಗುವಷ್ಟು ಮಾಂಸ, ತರಕಾರಿಯನ್ನು ಜನವರಿ ಬಿಸಿಲಲ್ಲಿ ಎರಡು ಗಂಟೆಯಲ್ಲಿ ಬೇಯಿಸಿದ. ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಇದೇ ಪಡುವಣ ಕಡಲು, ಇದೇ ಉಪ್ಪುಗಾಳಿ. ಅವನ ಪಾತ್ರೆಯ ಮೇಲೂ ಗಾಜಿನ ಹೊದಿಕೆ ಇತ್ತು.

ಹಾಗಾಗಿ ಮೊದಲು ಬೋಗುಣಿ ಹುಡುಕಿ, ಆಮೇಲೆ ಪಾತ್ರೆ, ಕೊನೆಗೆ ಕನ್ನಡಿ. ಬೋಗುಣಿ ಓವನ್ನಿಗೆ ಆಗುವ ಗಾಜಿನದ್ದಾಗಿರಲಿ. ಮಾಮೂಲು ಗಾಜು ಕಾದಿರುವಾಗ ತಣ್ಣೀರು ಹನಿಸಿದರೆ ಸೀಳುತ್ತದೆ. ಗುಡ್ಡ ಹತ್ತುವವರಿಗೆ ಗಾಜು ಭಾರ. ಅವರು ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ, ಶಾಖ ತಡೆಯುವ ಪಾರದರ್ಶಕ ಚೀಲ ಒಯ್ಯಬಹುದು. ಸಾದಾ ಪ್ಲಾಸ್ಟಿಕ್ ಚೀಲ ಬಿಸಿ ಪಾತ್ರೆಗೆ ತಾಗಿ ಕರಗುತ್ತದೆ, ಅದು ಬೇಡವೇ ಬೇಡ. ಪಾತ್ರೆ ತೆಳುವಾಗಿರಲಿ, ಹೊರಗೆ ಕಪ್ಪಾಗಿರಲಿ. ಬಣ್ಣಕ್ಕೆ ದುಡ್ಡು ಹಾಕಬೇಕಾಗಿಲ್ಲ. ಸೌದೆ ಒಲೆ ಇರುವ ಮನೆಯಲ್ಲಿ ಮಸಿ ಹಿಡಿದ ತಪ್ಪಲೆ ಇದ್ದೇ ಇರುತ್ತದೆ, ಅದರಷ್ಟು ಚೆನ್ನಾಗಿ ಬೆಳಕು ಹೀರುವ ಬಣ್ಣ ಅಂಗಡಿಯಲ್ಲಿ ಸಿಗುವುದು ಕಷ್ಟ. ಮತ್ತೊಂದು, ಪಾತ್ರೆಯನ್ನು ನೆಲಕ್ಕೆ ತಾಗಿಸಬೇಡಿ. ತಂತಿಯ ಸಣ್ಣ ಮುಕ್ಕಾಲಿ ಇಟ್ಟು ಎರಡು ಬೆರಳಿನಷ್ಟು ಎತ್ತರಿಸಿ. ಆಗ ಕೆಳಗಿನಿಂದಲೂ ಬೆಳಕು ತಾಗುತ್ತದೆ. ಹಸಿ ಮರಳು ಕಾವು ಎಳೆದುಕೊಳ್ಳುವುದೂ ತಪ್ಪುತ್ತದೆ.

ಕನ್ನಡಿಗೆ ಅಡುಗೆಮನೆಯ ಫಾಯಿಲ್ ಸಾಕು. ಹೊಳೆಯುವ ಬದಿ ಮೇಲೆ ಬರುವಂತೆ ಮೈದಾ ಅಂಟಿನಿಂದ ರಟ್ಟಿಗೆ ಅಂಟಿಸಿ. ಸಣ್ಣಪುಟ್ಟ ಸುಕ್ಕಿಗೆ ತಲೆಕೆಡಿಸಿಕೊಳ್ಳಬೇಡಿ. ಕಾರಿನ ಮುಂಗಾಜಿಗೆ ಇಡುವ ಬೆಳ್ಳಿ ಬಣ್ಣದ ಹಾಳೆಯನ್ನು ಸುತ್ತಿ ಕ್ಲಿಪ್ ಹಾಕಿದರೂ ಒಳ್ಳೇ ಲಾಳಿಕೆ ಆಗುತ್ತದೆ. ಹಗುರ, ಮಡಚಿದರೆ ಕಂಕುಳಲ್ಲಿ ಕೂರುತ್ತದೆ.

ದೊಡ್ಡ ಬಟ್ಟಲಿನಂಥ ಡಿಶ್ ಒಲೆ ಬೇಕು ಅನ್ನುವವರೂ ಇದ್ದಾರೆ. ಅದರ ಬಿಸಿ ಜೋರು, ಒಗ್ಗರಣೆಯೂ ಆಗುತ್ತದೆ. ಆದರೆ ಡಿಶ್ಶಿಗೆ ಸೂರ್ಯನಿಂದ ನೇರ ಬರುವ ಕಿರಣವೇ ಬೇಕು. ಕಡಲ ಮೇಲಿನ ತೇವ, ಮಂಜುಮಂಜಾದ ಗಾಳಿ ಬೆಳಕನ್ನು ಚದುರಿಸುತ್ತದೆ, ಚದುರಿದ ಬೆಳಕು ಅದರ ಗುರಿಗೆ ಬೀಳುವುದಿಲ್ಲ. ಲಾಳಿಕೆಯ ಬಾಯಿ ಅಗಲ, ಚದುರಿದ್ದರಲ್ಲೂ ಸ್ವಲ್ಪ ಹಿಡಿದುಕೊಳ್ಳುತ್ತದೆ. ಡಿಶ್ಶನ್ನು ಹತ್ತು ಹದಿನೈದು ನಿಮಿಷಕ್ಕೊಮ್ಮೆ ತಿರುಗಿಸುತ್ತಿರಬೇಕು, ಗಾಳಿಗೆ ಅದು ಹಾಯಿಯ ಹಾಗೆ ಎದ್ದು ಬೀಳುತ್ತದೆ. ಶಿರಸಿ ಕಡೆ ಸಂಗತಿ ಬೇರೆ. ಘಟ್ಟದ ಮೇಲೆ ಜನವರಿಯಲ್ಲಿ ಬೆಳಗಿನ ಮಂಜು ಕರಗಿದ ಮೇಲೆ ಒಣ ಬಿಸಿಲು, ಗಾಳಿಯೂ ಕಡಿಮೆ. ಅಡಿಕೆ ಒಣಹಾಕಿದ ಅಂಗಳಕ್ಕೆ ಮರದ ನೆರಳು ಬೀಳದಂತೆ ಮೊದಲೇ ನೋಡಿಕೊಂಡಿರುತ್ತಾರೆ. ಆ ಅಂಗಳದ ಮೂಲೆಯಲ್ಲಿ ಡಿಶ್ ಇಟ್ಟರೆ ಚಂದ ನಡೆಯುತ್ತದೆ. ಕಡಲ ದಂಡೆಗೆ ಮಾತ್ರ ಬೇಡ.

ಇನ್ನು ಹೊತ್ತು. ಕಾರವಾರದಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ನಾವಿರುವುದು 74 ಡಿಗ್ರಿಯ ಆಸುಪಾಸು. ಸೂರ್ಯ ಒಂದು ಡಿಗ್ರಿ ದಾಟಲು ನಾಲ್ಕು ನಿಮಿಷ. ಅಲ್ಲಿಗೆ ಅರ್ಧ ಗಂಟೆಗೂ ಹೆಚ್ಚು ತಡ. ಫೆಬ್ರವರಿಯಲ್ಲಂತೂ ಹನ್ನೆರಡೂ ಮುಕ್ಕಾಲು ಆಗುತ್ತದೆ. ಹನ್ನೆರಡು ದಾಟಿತು, ಬಿಸಿಲು ಇಳಿಯಿತು ಅಂತ ಒಲೆ ಮಡಚುವವರು ಒಳ್ಳೆಯ ಹೊತ್ತನ್ನೇ ಬಿಟ್ಟುಬಿಡುತ್ತಾರೆ. ಗಡಿಯಾರ ಬಿಡಿ, ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಒಲೆ ಹೂಡಬಹುದು. ಡಿಸೆಂಬರ್ ಕೊನೆಯಲ್ಲಿ ಈ ಅವಕಾಶ ಹನ್ನೊಂದರಿಂದ ಎರಡು ಗಂಟೆವರೆಗೆ, ಮೂರೇ ಗಂಟೆ. ಏಪ್ರಿಲ್ ಮಧ್ಯದಲ್ಲಿ ಒಂಬತ್ತೂವರೆಯಿಂದ ಮೂರೂವರೆ, ಅಂದರೆ ದುಪ್ಪಟ್ಟು. ಒಲೆ ತಿರುಗಿಸುವಾಗಲೂ ಸೂರ್ಯನನ್ನು ನೋಡುವುದು ಬೇಡ. ಲಾಳಿಕೆಯ ಬೆನ್ನ ಹಿಂದೆ ಬೀಳುವ ನೆರಳು ಎರಡೂ ಬದಿಗೆ ಸಮ ಇದ್ದರೆ ಸರಿ. ಅರ್ಧ ಗಂಟೆಗೊಮ್ಮೆ ನೋಡಿದರೆ ಸಾಕು.

ಗಾಳಿಯ ಪಾಠ ಕಲಿತದ್ದು ಅನ್ನ ಚೆಲ್ಲಿಕೊಂಡು. ಶುರುವಿನ ವರ್ಷ ಅದೇ ಮಾಜಾಳಿಯಲ್ಲಿ ನೀರಿನ ಅಂಚಿಗೇ ಲಾಳಿಕೆ ಹೂಡಿದ್ದೆ. ಬೆಳಿಗ್ಗೆ ಎಲೆ ಅಲ್ಲಾಡುತ್ತಿರಲಿಲ್ಲ. ಒಂದು ಗಂಟೆಯ ಹೊತ್ತಿಗೆ ಕಡಲ ಗಾಳಿ ಎದ್ದಿತು. ರಟ್ಟು ಮಗುಚಿ, ಬೋಗುಣಿ ಉರುಳಿ, ಬೇಯುತ್ತಿದ್ದ ಅನ್ನ ಮರಳು ಪಾಲಾಯಿತು. ಅಲ್ಲೇ ಮೀನು ಒಣಹಾಕುತ್ತಿದ್ದ ಅಜ್ಜಿ ಬಂದು, "ತಮ್ಮಾ, ಮಧ್ಯಾಹ್ನ ಗಾಳಿ ಬರ್ತದೆ ಅಂತ ಗೊತ್ತಿಲ್ಲವನಾ? ದೋಣಿ ಮರೆಗೆ ಇಡು" ಅಂದರು. ದೋಣಿಗಳು ಮೂತಿಯನ್ನು ಕಡಲ ಕಡೆ ಮಾಡಿಕೊಂಡು ಮಲಗಿದ್ದವು. ಚಳಿಗಾಲದ ಮಧ್ಯಾಹ್ನದ ಗಾಳಿ ವಾಯವ್ಯದಿಂದ ಬೀಸುತ್ತದೆ, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದೋಣಿಯ ದಕ್ಷಿಣದ ಮಗ್ಗುಲಲ್ಲಿ ಗಾಳಿ ಇಲ್ಲ, ಬಿಸಿಲು ಪೂರ್ತಿ. ಅವತ್ತಿನಿಂದ ನನ್ನ ಜಾಗ ಅದೇ. ಜೊತೆಗೆ ನಾಲ್ಕು ಬಟ್ಟೆ ಚೀಲ ಒಯ್ಯುತ್ತೇನೆ. ಅಲ್ಲೇ ಮರಳು ತುಂಬಿ ಲಾಳಿಕೆಯ ಬುಡಕ್ಕೆ ಒತ್ತುಕೊಟ್ಟರೆ ಅಲ್ಲಾಡುವುದಿಲ್ಲ.

ಬಿಸಿಲಿನ ಜೊತೆ ದುಡಿಯುವುದು ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಸಾಣಿಕಟ್ಟಾದ ಉಪ್ಪು, ಒಣಮೀನು, ಮುರುಗಲು ಸಿಪ್ಪೆ, ಹಲಸಿನ ಹಪ್ಪಳ ಎಲ್ಲ ಬಿಸಿಲಿನವೇ. ಆದರೆ ಒಣಗಿಸಲು ಗಾಳಿ ಬೇಕು, ಬೇಯಿಸಲು ಗಾಳಿ ಬೇಡ. ಹಪ್ಪಳ ಹಾಕುವ ಜಾಗವೇ ಒಲೆಗೂ ಒಳ್ಳೆಯದು ಅಂದುಕೊಂಡು ತಾರಸಿಯ ತುದಿಯಲ್ಲಿ ಇಟ್ಟವರ ಅನ್ನ ಬೆಂದಿರುವುದಿಲ್ಲ.

ಏನು ಬೇಯಿಸಬಹುದು? ಮೊದಲ ಸಲಕ್ಕೆ ಗೆಣಸು. ತೊಳೆದು, ನೀರು ಹಾಕದೆ ಮುಚ್ಚಿಟ್ಟರೆ ತನ್ನ ನೀರಲ್ಲೇ ಬೇಯುತ್ತದೆ, ಸಿಹಿಯೂ ಜಾಸ್ತಿ. ಮೊಟ್ಟೆಗೂ ನೀರು ಬೇಡ. ಬಿಳಿ ಅಕ್ಕಿ ಒಂದು ಲೋಟಕ್ಕೆ ಒಂದೂ ಮುಕ್ಕಾಲು ಲೋಟ ನೀರು ಸಾಕು, ಆವಿ ಹೊರಗೆ ಹೋಗುವುದು ಕಡಿಮೆ. ಎರಡು ಗಂಟೆ ಬಿಟ್ಟುಬಿಡಿ. ತಳ ಹಿಡಿಯುವುದಿಲ್ಲ, ಸೌಟು ಆಡಿಸುವುದೂ ಬೇಡ. ಕುಚ್ಚಲಕ್ಕಿಯನ್ನು ರಾತ್ರಿಯೇ ನೆನೆಹಾಕಿ, ಮೂರು ಗಂಟೆ ಕೊಡಿ. ಆಹಾರ ಬೇಯಲು ಕೊತಕೊತ ಕುದಿಯಲೇಬೇಕು ಅಂತಿಲ್ಲ, 85-90 ಡಿಗ್ರಿಯಲ್ಲೂ ಅಕ್ಕಿ, ತರಕಾರಿ, ಮೀನು ಬೇಯುತ್ತವೆ. ರಾಜ್ಮಾ ಮಾತ್ರ ಬೇಡ. ಅದರೊಳಗಿನ ನಂಜು ಹೋಗಲು ಚೆನ್ನಾಗಿ ಕುದಿಯಲೇಬೇಕು. ಲಾಳಿಕೆಯಲ್ಲಿ ಒಗ್ಗರಣೆ ಆಗುವುದಿಲ್ಲ, ಮನೆಯಲ್ಲೇ ಮಾಡಿ ಸಣ್ಣ ಡಬ್ಬಿಯಲ್ಲಿ ಒಯ್ಯಿರಿ.

ಮೀನು ಸಾರು ಮಾಡುವವರಿಗೆ ಒಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಡುವೆ ಮೋಡ ಮುಚ್ಚಿ ಪಾತ್ರೆ ಉಗುರುಬೆಚ್ಚಗೆ ಕೂತರೆ ಅದು ಕ್ರಿಮಿಗಳು ಬೆಳೆಯಲು ಹೇಳಿ ಮಾಡಿಸಿದ ಬಿಸಿ. 60 ಡಿಗ್ರಿಗಿಂತ ಕೆಳಗೆ ಎರಡು ಗಂಟೆ ಇದ್ದ ಮೀನನ್ನು ಚೆಲ್ಲಿಬಿಡಿ. ಮಕ್ಕಳನ್ನು ಕರೆದುಕೊಂಡು ಹೋಗುವಾಗ ಸಣ್ಣ ಗ್ಯಾಸ್ ಒಲೆ ನನ್ನ ಜೊತೆ ಇದ್ದೇ ಇರುತ್ತದೆ, ಮೋಡ ಕಂಡ ಕೂಡಲೇ ಪಾತ್ರೆಯನ್ನು ಅದರ ಮೇಲೆ ಇಡುತ್ತೇನೆ. ಕಣ್ಣಿನ ವಿಷಯವೂ ಹಾಗೇ. ಬೆಂದಿತಾ ಅಂತ ಲಾಳಿಕೆಯೊಳಗೆ ಬಗ್ಗಿ ನೋಡಬಾರದು. ಮೊದಲು ಅದನ್ನು ಸೂರ್ಯನಿಂದ ಆಚೆ ತಿರುಗಿಸಿ, ಮೇಲೆ ಟವೆಲ್ ಮುಚ್ಚಿ, ಆಮೇಲೆ ಬಟ್ಟೆ ಹಿಡಿದು ಬೋಗುಣಿ ಎತ್ತಿ.

ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಫಾಯಿಲ್ ಒರೆಸಿ. ಉಪ್ಪು ಕೂತರೆ ಚುಕ್ಕಿಚುಕ್ಕಿಯಾಗಿ ತಿಂದುಹಾಕುತ್ತದೆ. ಉಜ್ಜಬೇಡಿ, ಒತ್ತಿ ತೆಗೆಯಿರಿ. ಮೇ ಕೊನೆಯ ವಾರ ಪೂರ್ತಿ ಒಂದು ದಿನ ಬಿಸಿಲಿಗೆ ಬಿಟ್ಟು, ರಟ್ಟು ಚೆನ್ನಾಗಿ ಒಣಗಿದ ಮೇಲೆ ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ. ಅಡುಗೆಮನೆಯ ಮೇಲಿನ ಅಟ್ಟವಾದರೆ ಒಳ್ಳೆಯದು, ಒಲೆಯ ಕಾವಿಗೆ ಬೂಸಲು ಹಿಡಿಯುವುದಿಲ್ಲ. ನವರಾತ್ರಿ ಕಳೆದ ಮೇಲೆ ತೆಗೆದು, ಫಾಯಿಲ್ ಎದ್ದ ಕಡೆ ಮತ್ತೊಂದು ತುಂಡು ಅಂಟಿಸಿದರೆ ಇನ್ನೊಂದು ವರ್ಷಕ್ಕೆ ಬರುತ್ತದೆ.